ಹಣೆಬರಹ ಎನ್ನುವ ಮೊದಲು

ಹಿರೇಕೊಡಿಗೆಯ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ



ಇವತ್ತು ನನಗೆ ಕೊಟ್ಟಿರುವ ವಿಷಯ ವೈದ್ಯಸೇವೆಯ ಸುಧಾರಣೆ. ನಾನು ವೈದ್ಯನಲ್ಲ, ವಕೀಲನೂ ಅಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಮೋರಿ, ಸೇತುವೆ, ರಸ್ತೆ ಎಂದು ಓಡಾಡಿ ನಿವೃತ್ತನಾದವನು. ಆದರೆ ಈ ಸಭೆಯಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತದವರು ಒಬ್ಬರೂ ಇರಲಾರರು. ಆ ಅನುಭವದ ಮಟ್ಟಿಗೆ ನಾವೆಲ್ಲರೂ ಈ ವಿಷಯದಲ್ಲಿ ಮಾತಾಡಲು ಅರ್ಹರೇ.

ಈ ಊರಿನಲ್ಲಿ ನಿಂತು ಮಾತಾಡುವಾಗ ಸ್ವಲ್ಪ ಅಳುಕು ಆಗುತ್ತದೆ. 1904ರ ಡಿಸೆಂಬರ್ 29ರಂದು ಕುವೆಂಪು ಅವರು ಹುಟ್ಟಿದ್ದು ಇದೇ ಹಿರೇಕೊಡಿಗೆಯಲ್ಲಿ, ತಾಯಿಯ ತವರುಮನೆಯಲ್ಲಿ. ಪುರೋಹಿತರ ಮುಂದೆ ಕೈಮುಗಿದು ಸುಮ್ಮನಿರಬೇಡಿ, ಕೇಳಿ ಎಂದು ನಮಗೆ ಹೇಳಿಕೊಟ್ಟವರು ಅವರು. ಅದಕ್ಕೂ ಎಂಟುನೂರು ವರ್ಷ ಮೊದಲು ಬಸವಾದಿ ಶರಣರು ಅದನ್ನೇ ಮಾಡಿದ್ದರು. ಗರ್ಭಗುಡಿಯ ಮುಂದೆ ಪ್ರಶ್ನೆ ಕೇಳುವ ಧೈರ್ಯ ನಮಗೆ ಅಷ್ಟಿಷ್ಟು ಬಂದಿದೆ. ಆಪರೇಷನ್ ಥಿಯೇಟರಿನ ಬಾಗಿಲ ಮುಂದೆ ಇನ್ನೂ ಬಂದಿಲ್ಲ. ಅದನ್ನೇ ಇವತ್ತು ಮಾತಾಡಬೇಕು ಅಂದುಕೊಂಡಿದ್ದೇನೆ.

ಮೊದಲು ನನ್ನ ಮನೆಯ ಸಂಗತಿ ಹೇಳುತ್ತೇನೆ. ನನ್ನ ಅಕ್ಕನನ್ನು ನರಸಿಂಹರಾಜಪುರದ ಕಡೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಪಿತ್ತಕೋಶದಲ್ಲಿ ಕಲ್ಲು ಎಂದು ಗೊತ್ತಾಯಿತು. ದೊಡ್ಡ ಊರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಸಣ್ಣ ಆಪರೇಷನ್, ಮೂರು ದಿನಕ್ಕೆ ಮನೆಗೆ ಎಂದರು. ಮೂರನೆಯ ದಿನಕ್ಕೆ ಜ್ವರ ಬಂತು, ಕಣ್ಣು ಹಳದಿಯಾಯಿತು. ಎರಡನೆಯ ಬಾರಿ ಹೊಟ್ಟೆ ತೆರೆದರು. ಆಮೇಲೆ ನಾಲ್ಕು ತಿಂಗಳು ಅಕ್ಕ ಹಾಸಿಗೆಯಲ್ಲೇ ಇದ್ದು ಲಿಂಗೈಕ್ಯರಾದರು. ಆ ನಾಲ್ಕು ತಿಂಗಳಲ್ಲಿ ನಾನು ಹತ್ತಾರು ಸಲ ಕೇಳಿದ್ದು ಒಂದೇ ಮಾತು: ಮೊದಲ ಆಪರೇಷನ್ನಿನಲ್ಲಿ ಆದದ್ದೇನು? ‘ಕಾಂಪ್ಲಿಕೇಷನ್’ ಎಂದರು. ಅದು ಉತ್ತರವಲ್ಲ, ಬಾಗಿಲು ಮುಚ್ಚುವ ಶಬ್ದ. ಬಿಲ್ಲುಗಳ ದೊಡ್ಡ ಕಟ್ಟು ನಮ್ಮ ಕೈಯಲ್ಲಿತ್ತು. ಹತ್ತಿಯಿಂದ ಹಿಡಿದು ಕೈಗವಸಿನವರೆಗೆ ಎಲ್ಲದಕ್ಕೂ ಲೆಕ್ಕವಿತ್ತು. ಆಪರೇಷನ್ನಿನ ಟಿಪ್ಪಣಿ ಮಾತ್ರ ಸಿಗಲಿಲ್ಲ.

ಒಬ್ಬ ವಕೀಲರು ಕೇಸು ಹಾಕೋಣ ಎಂದರು. ನಮ್ಮ ಭಾವ ಒಪ್ಪಲಿಲ್ಲ. ‘ಅವಳಿಗೆ ರೇಟು ಹಾಕೋದು ಬೇಡ ಮಾರಾಯಾ’ ಅಂದರು. ಬಂದ ನೆಂಟರೆಲ್ಲ ‘ಹಣೆಬರಹ’ ಅಂದರು. ನಾನೂ ಸುಮ್ಮನಾದೆ.

ಆಮೇಲೆ ನಾನೇ ಓದಿ ತಿಳಿದುಕೊಂಡೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಪಿತ್ತನಾಳಕ್ಕೆ ಪೆಟ್ಟಾಗುವುದು ಒಳ್ಳೆಯ, ಪಳಗಿದ ಕೈಯಲ್ಲೂ ಆಗಬಹುದಾದ ಸಂಗತಿ. ಹಾಗಾಗಿ ಆ ವೈದ್ಯರು ತಪ್ಪು ಮಾಡಿದರೆಂದು ನಾನು ಈ ವೇದಿಕೆಯಲ್ಲಿ ಹೇಳುವುದಿಲ್ಲ. ತಪ್ಪಾಗಿತ್ತೋ ಇಲ್ಲವೋ ಎಂದು ತಿಳಿಯುವ ದಾರಿಯೇ ನಮಗಿರಲಿಲ್ಲ. ಅದೇ ನನ್ನ ದೂರು. ಮತ್ತು ನಾವು ಸುಮ್ಮನಾದದ್ದರಿಂದ ಆ ಆಸ್ಪತ್ರೆಯಲ್ಲಿ ಮುಂದಿನ ರೋಗಿಗೆ ಏನೂ ಬದಲಾಗಲಿಲ್ಲ. ಅದು ನನ್ನ ಮೇಲಿನ ದೂರು.

ಮೋರಿ ಕೊಚ್ಚಿಹೋದಾಗ

ಇದಕ್ಕೆ ಎದುರಾಗಿ ನನ್ನ ಕೆಲಸದ ಒಂದು ಪ್ರಸಂಗ ಹೇಳುತ್ತೇನೆ. ನಾನು ಕಿರಿಯ ಎಂಜಿನಿಯರ್ ಆಗಿದ್ದಾಗ ಕಟ್ಟಿಸಿದ ಒಂದು ಮೋರಿ ಮೊದಲ ಮಳೆಗಾಲದಲ್ಲೇ ಕೊಚ್ಚಿಹೋಯಿತು. ಮರುದಿನವೇ ನನಗೆ ನೋಟಿಸು. ಎಂ.ಬಿ. ಪುಸ್ತಕ, ಅಂದರೆ ಅಳತೆ ಪುಸ್ತಕ ತರಿಸಿದರು. ಪಾಯ ಎಷ್ಟು ಆಳ, ಸಿಮೆಂಟು ಎಷ್ಟು ಚೀಲ, ಯಾವ ದಿನ ಯಾರು ಅಳತೆ ತೆಗೆದರು, ಯಾರ ರುಜು ಎಲ್ಲವೂ ಅದರಲ್ಲಿತ್ತು. ಕಾಂಕ್ರೀಟು ಒಡೆದು ಪರೀಕ್ಷೆಗೆ ಕಳಿಸಿದರು. ಕಾಮಗಾರಿ ಸರಿಯಾಗಿತ್ತು, ಹಳ್ಳಕ್ಕೆ ಬರುವ ನೀರಿನ ಲೆಕ್ಕವನ್ನೇ ಕಡಿಮೆ ಹಿಡಿದಿದ್ದೆವು ಎಂದು ಕೊನೆಗೆ ಗೊತ್ತಾಯಿತು. ಎಚ್ಚರಿಕೆಯ ಪತ್ರ ನನ್ನ ಸೇವಾ ಪುಸ್ತಕಕ್ಕೆ ಬಂತು. ಮೋರಿಯನ್ನು ಅಗಲ ಮಾಡಿ ಮತ್ತೆ ಕಟ್ಟಿದೆವು. ಆ ರಸ್ತೆಯ ಉಳಿದ ಮೋರಿಗಳ ಲೆಕ್ಕವನ್ನೂ ತಿದ್ದಿದೆವು.

ನೋಡಿ, ಒಂದು ಮೋರಿಗೆ ಇಷ್ಟು ವಿಚಾರಣೆ. ರೈಲು ಅಪಘಾತವಾದರೆ ಇನ್ನೂ ಒಂದು ಹೆಜ್ಜೆ ಮುಂದಿದೆ. ವಿಚಾರಣೆ ಮಾಡುವ ರೈಲ್ವೆ ಸುರಕ್ಷತಾ ಆಯುಕ್ತರು ರೈಲ್ವೆ ಮಂತ್ರಾಲಯದ ಕೈಕೆಳಗಿಲ್ಲ, ನಾಗರಿಕ ವಿಮಾನಯಾನ ಮಂತ್ರಾಲಯದಡಿ ಇದ್ದಾರೆ. ತನ್ನ ತಪ್ಪನ್ನು ತಾನೇ ವಿಚಾರಿಸಿಕೊಳ್ಳಬಾರದು ಎಂಬ ವಿವೇಕ ಅದು. ಮನುಷ್ಯನ ಹೊಟ್ಟೆಯೊಳಗಿನ ಕೆಲಸ ಕೆಟ್ಟಾಗ ಇಂಥ ಎಂ.ಬಿ. ಪುಸ್ತಕವನ್ನು ಯಾರು ತೆರೆಯುತ್ತಾರೆ? ಹೊರಗಿನಿಂದ ಬಂದು ನೋಡುವ ಆಯುಕ್ತರು ಯಾರು?

ಕಾನೂನು ಎಲ್ಲಿಯವರೆಗೆ ಬರುತ್ತದೆ

ಈಗ ಕಾನೂನು ಏನಿದೆ ಎಂದು ಸಂಕ್ಷೇಪವಾಗಿ ಹೇಳುತ್ತೇನೆ. ಮನೆಗೆ ಹೋದ ಮೇಲೂ ನೆನಪಿಟ್ಟುಕೊಳ್ಳುವಂಥದ್ದು.

1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ವೈದ್ಯರ ಸೇವೆ ಅದರೊಳಗೆ ಬರುತ್ತದೆಯೇ ಎಂಬ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1995ರ ನವೆಂಬರಿನಲ್ಲಿ ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪಾಯಿತು. ಹಣ ಕೊಟ್ಟು ಪಡೆದ ಚಿಕಿತ್ಸೆ ಕಾಯ್ದೆಯೊಳಗೆ ಬರುತ್ತದೆ. ಕೆಲವರಿಗೆ ಹಣಕ್ಕೆ, ಕೆಲವರಿಗೆ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯಾದರೆ ಅಲ್ಲಿನ ಬಡರೋಗಿಯೂ ದೂರು ಕೊಡಬಹುದು. ಆದರೆ ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ, ಅದು ಸರ್ಕಾರದ್ದಾಗಲಿ ಧರ್ಮಸಂಸ್ಥೆಯದ್ದಾಗಲಿ, ಈ ಕಾಯ್ದೆಯ ಹೊರಗೆ. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಡಿ. ಆಮೇಲೆ ಇಲ್ಲಿಗೇ ಮರಳಿ ಬರುತ್ತೇನೆ.

2019ರಲ್ಲಿ ಹೊಸ ಗ್ರಾಹಕ ಕಾಯ್ದೆ ಬಂತು. ನಮ್ಮಂಥ ದೂರದ ಊರಿನವರಿಗೆ ಅದರಿಂದ ಒಂದು ಉಪಕಾರವಾಗಿದೆ. ಮಂಗಳೂರಿನಲ್ಲೋ ಮಣಿಪಾಲದಲ್ಲೋ ಚಿಕಿತ್ಸೆ ಪಡೆದಿದ್ದರೂ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಚಿಕ್ಕಮಗಳೂರಿನಲ್ಲೇ, ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಇನ್ನೊಂದು ಸಂಗತಿ. ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ, ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಇಟ್ಟಿರಬೇಕು, ರೋಗಿಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅಕ್ಕನ ವಿಷಯದಲ್ಲಿ ನನಗೆ ಇದು ಗೊತ್ತಿರಲಿಲ್ಲ. ಎಂಜಿನಿಯರಿಂಗ್ ಓದಿ, ಸರ್ಕಾರದಲ್ಲಿ ಕಡತಗಳ ನಡುವೆಯೇ ಬದುಕಿದ ನನಗೇ ಗೊತ್ತಿರಲಿಲ್ಲ. ತೋಟದಲ್ಲಿ ದುಡಿಯುವ ತಾಯಿಗೆ ಹೇಗೆ ಗೊತ್ತಿರುತ್ತದೆ?

ಕ್ರಿಮಿನಲ್ ಕಾನೂನೂ ಇದೆ. 2005ರಲ್ಲಿ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವೈದ್ಯರನ್ನು ಕ್ರಿಮಿನಲ್ ಆರೋಪಕ್ಕೆ ಒಳಪಡಿಸಬೇಕಾದರೆ ಅತಿ ಘೋರ ನಿರ್ಲಕ್ಷ್ಯ ಇರಬೇಕು, ಪೊಲೀಸರು ಮೊದಲು ಬೇರೆ ವೈದ್ಯರ ಅಭಿಪ್ರಾಯ ಪಡೆಯಬೇಕು ಎಂದಿತು. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷದವರೆಗೆ ಶಿಕ್ಷೆ ಇದ್ದರೆ, ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ. ಇದರ ಮೇಲೆ ವಾದವಿದೆ. ನನ್ನ ಅಭಿಪ್ರಾಯದಲ್ಲಿ ಜೈಲು ಈ ರೋಗದ ಮದ್ದಲ್ಲ. ಏಕೆಂದು ಮುಂದೆ ಹೇಳುತ್ತೇನೆ.

ಪರಿಹಾರದ ಮೊತ್ತ ಹೇಗಿದೆ ನೋಡೋಣ. ಎರಡು ಪ್ರಕರಣ ಹೇಳುತ್ತೇನೆ. 1998ರಲ್ಲಿ ಅನುರಾಧಾ ಸಹಾ ಎಂಬ ಹೆಣ್ಣುಮಗಳು ಕೋಲ್ಕತ್ತದಲ್ಲಿ ಚರ್ಮದ ತೊಂದರೆಗೆ ಚಿಕಿತ್ಸೆ ಪಡೆಯುತ್ತಾ ತೀರಿಕೊಂಡರು. ಅವರ ಪತಿ ಕುನಾಲ್ ಸಹಾ ಸ್ವತಃ ವೈದ್ಯರು, ಅಮೆರಿಕದಲ್ಲಿದ್ದವರು. ಹದಿನೈದು ವರ್ಷ ಹೋರಾಡಿದರು. 2013ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಸುಮಾರು 5.96 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಇನ್ನೊಂದು, ಹೈದರಾಬಾದಿನ ಕಡೆಯ ಕಿಶನ್ ರಾವ್ ಅವರ ಪ್ರಕರಣ. ಅವರು ಮಲೇರಿಯಾ ಇಲಾಖೆಯಲ್ಲೇ ಕೆಲಸದಲ್ಲಿದ್ದವರು. ಹೆಂಡತಿಗೆ ಬಂದದ್ದು ಮಲೇರಿಯಾ, ಚಿಕಿತ್ಸೆ ಕೊಟ್ಟದ್ದು ಟೈಫಾಯ್ಡಿಗೆ. ಹೆಂಡತಿ ಉಳಿಯಲಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟು ಜಿಲ್ಲಾ ವೇದಿಕೆಯ ಆದೇಶವನ್ನು ಎತ್ತಿಹಿಡಿಯಿತು. ಎಲ್ಲ ಪ್ರಕರಣದಲ್ಲೂ ತಜ್ಞರ ಸಾಕ್ಷ್ಯ ಬೇಕೇಬೇಕೆಂದಿಲ್ಲ, ತಪ್ಪು ಕಣ್ಣಿಗೆ ಕಾಣುವಂತಿದ್ದರೆ ಅದೇ ಸಾಕು ಎಂಬ ದೊಡ್ಡ ಮಾತು ಆ ತೀರ್ಪಿನಲ್ಲಿ ಬಂತು. ಪರಿಹಾರದ ಮೊತ್ತ ಎರಡು ಲಕ್ಷ.

ಒಂದು ಕಡೆ ಆರು ಕೋಟಿ, ಇನ್ನೊಂದು ಕಡೆ ಎರಡು ಲಕ್ಷ. ಪರಿಹಾರದ ಲೆಕ್ಕದಲ್ಲಿ ಸತ್ತವರ ದುಡಿಮೆ ಬರುತ್ತದೆ, ಹೋರಾಡುವವರ ಶಕ್ತಿ ಬರುತ್ತದೆ, ಯಾವ ಕೋರ್ಟಿನ ತನಕ ಹೋದರು ಎಂಬುದು ಬರುತ್ತದೆ. ಕುನಾಲ್ ಸಹಾ ಅವರ ಹೋರಾಟದ ಬಗ್ಗೆ ನನಗೆ ಗೌರವವಿದೆ. ಆದರೆ ಬಿಜ್ಜಳನ ಮಗಳ ಜೀವಕ್ಕೂ ಮಡಿವಾಳನ ಮಗಳ ಜೀವಕ್ಕೂ ಬೇರೆ ಬೇರೆ ತಕ್ಕಡಿ ಇಡುವ ಲೆಕ್ಕವನ್ನು ಶರಣರು ಒಪ್ಪುತ್ತಿದ್ದರೇ? ಕೂಲಿ ಮಾಡುವ ತಾಯಿಗೆ ಸಂಬಳದ ಚೀಟಿ ಇಲ್ಲ. ಅವಳು ಸತ್ತರೆ ಮನೆಯೇ ಬೀಳುತ್ತದೆ. ಲೆಕ್ಕದಲ್ಲಿ ಮಾತ್ರ ಅವಳ ಬೆಲೆ ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ.

2017ರ ನವೆಂಬರ್

ನಮ್ಮ ರಾಜ್ಯದ ಮಾತಿಗೆ ಬರೋಣ. 2007ರಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂತು. ಹತ್ತು ವರ್ಷದ ನಂತರ, ಕೆ.ಆರ್. ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ, ಅದಕ್ಕೆ ತಿದ್ದುಪಡಿ ತಂದರು. ದರಗಳಿಗೆ ಮಿತಿ, ಜಿಲ್ಲೆಗೊಂದು ಕುಂದುಕೊರತೆ ಪ್ರಾಧಿಕಾರ, ರೋಗಿಗಳ ಹಕ್ಕುಗಳ ಸನ್ನದು, ಹೆಚ್ಚು ವಸೂಲಿಗೆ ದಂಡದ ಜತೆಗೆ ಜೈಲು ಎಂದು ಮೊದಲ ಕರಡಿನಲ್ಲಿತ್ತು. ಖಾಸಗಿ ವೈದ್ಯರು ಬೆಳಗಾವಿ ಅಧಿವೇಶನದ ಹೊತ್ತಿಗೆ ಮುಷ್ಕರ ಹೂಡಿದರು. ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಮುಚ್ಚಿದವು. ಚಿಕಿತ್ಸೆ ಸಿಗದೆ ಜನ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಬಂತು. ಕೊನೆಗೆ ಮುಖ್ಯಮಂತ್ರಿಗಳು ವೈದ್ಯರ ಜತೆ ಕುಳಿತು ಮಾತಾಡಿ, ಜೈಲಿನ ಮಾತನ್ನು ಬಹುಮಟ್ಟಿಗೆ ಕೈಬಿಟ್ಟು, ಮಸೂದೆಯನ್ನು ಸಡಿಲಿಸಿ ಪಾಸು ಮಾಡಿದರು.

ಆ ಕಾಯ್ದೆಯಿಂದ ನಮಗೆ ದಕ್ಕಿದ್ದೂ ಇದೆ. ಬಾಕಿ ಬಿಲ್ಲು ಕಟ್ಟಿಲ್ಲವೆಂದು ಶವವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ದರಪಟ್ಟಿ ಕಾಣುವಂತೆ ಹಾಕಬೇಕು. ರೋಗಿಯ ಹಕ್ಕುಗಳು ಕಾಯ್ದೆಯ ಅಂಗವಾಗಿವೆ. ಇವು ಸಣ್ಣ ಗಳಿಕೆಗಳಲ್ಲ.

ವೈದ್ಯರು ಅವತ್ತು ಎತ್ತಿದ ಒಂದು ಪ್ರಶ್ನೆಗೆ ಮಾತ್ರ ಇವತ್ತಿಗೂ ಸರಿಯಾದ ಉತ್ತರ ಬಂದಿಲ್ಲ. ‘ನಮ್ಮ ಮೇಲೆ ಕಾಯ್ದೆ ತರುತ್ತೀರಿ, ಸರ್ಕಾರಿ ಆಸ್ಪತ್ರೆಗಳು ಏಕೆ ಹೊರಗೆ?’ ತಮ್ಮ ರಕ್ಷಣೆಗೇ ಅವರು ಹಾಗೆ ಕೇಳಿರಬಹುದು. ಪ್ರಶ್ನೆ ಮಾತ್ರ ನ್ಯಾಯವಾದದ್ದು. ಕೊಪ್ಪದ ತಾಲ್ಲೂಕು ಆಸ್ಪತ್ರೆಗೆ ಹೋಗುವ ಬಡವರಿಗೆ ಗ್ರಾಹಕ ಆಯೋಗವೂ ಇಲ್ಲ, ಈ ಪ್ರಾಧಿಕಾರವೂ ಇಲ್ಲ. ಉಳಿದದ್ದು ಸಿವಿಲ್ ಕೋರ್ಟು, ಹೈಕೋರ್ಟು. ಸರ್ಕಾರಿ ಆಸ್ಪತ್ರೆಯ ತಪ್ಪಿಗೆ ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟು 2000ದಲ್ಲಿ ಹರಿಯಾಣದ ಸಂತ್ರಾ ಎಂಬ ಕೂಲಿ ಹೆಣ್ಣುಮಗಳ ಪ್ರಕರಣದಲ್ಲಿ ಹೇಳಿದೆ. ಆದರೆ ಎಷ್ಟು ಜನ ಸಂತ್ರಾ ಅವರಂತೆ ಅಲ್ಲಿಯವರೆಗೆ ಹೋಗಬಲ್ಲರು?

ಮಂಗನ ಕಾಯಿಲೆಯ ಮಾತು ನಿಮಗೆ ನಾನು ಹೇಳಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರು ಉಣುಗಿಗೆ ಹೆದರಿ ಕಾಡಿಗೆ, ತೋಟಕ್ಕೆ ಹೋಗುತ್ತಾರೆ. ವರ್ಷಗಟ್ಟಲೆ ನಮ್ಮವರು ನಂಬಿ ತೋಳು ಕೊಟ್ಟ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಅದು ಕೊಡುವ ರಕ್ಷಣೆ ಸಾಲದು ಎಂಬುದು ತಜ್ಞರ ಮಾತು. ಲಸಿಕೆ ಹಾಕಿಸಿಕೊಂಡೂ ಕಾಯಿಲೆ ಬಂದವರು ಯಾರನ್ನು ಕೇಳಬೇಕಿತ್ತು? ಉಚಿತವಾಗಿ ಕೊಟ್ಟದ್ದು, ಕೇಳುವಂತಿಲ್ಲ.

ವೈದ್ಯರ ಮಾತನ್ನೂ ಕೇಳಬೇಕು

ಇಷ್ಟು ಹೇಳಿದ ಮೇಲೆ ವೈದ್ಯರ ಕಡೆ ನಿಂತು ನೋಡದಿದ್ದರೆ ಅನ್ಯಾಯವಾಗುತ್ತದೆ. ಈ ಭಾಗದ ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡಿದ ಒಬ್ಬ ಯುವ ವೈದ್ಯರು ನನಗೆ ಹೇಳಿದರು: ‘ಸರ್, ಕಷ್ಟದ ಹೆರಿಗೆ ಬಂದರೆ ಮೊದಲು ನನಗೆ ನೆನಪಾಗುವುದು ತಾಯಿ ಅಲ್ಲ, ಹೊರಗೆ ನಿಂತಿರುವ ಇಪ್ಪತ್ತು ಜನ.’ ವೈದ್ಯರ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರಲ್ಲೇ ಕಾಯ್ದೆ ಬಂದಿದೆ. ಹಲ್ಲೆ ನಿಂತಿಲ್ಲ. ಹೆದರಿದ ವೈದ್ಯರು ಏನು ಮಾಡುತ್ತಾರೆ? ‘ಮುಂದಕ್ಕೆ ಕರಕೊಂಡು ಹೋಗಿ’ ಎನ್ನುತ್ತಾರೆ. ಮುಂದಕ್ಕೆ ಎಂದರೆ ನಮಗೆ ಶಿವಮೊಗ್ಗ, ಇಲ್ಲವಾದರೆ ಮಳೆಗಾಲದ ರಾತ್ರಿಯಲ್ಲಿ ಆಗುಂಬೆ ಘಾಟಿ ಇಳಿದು ಮಣಿಪಾಲ. ಶೃಂಗೇರಿಯ ಜನ ನೂರು ಹಾಸಿಗೆಯ ಆಸ್ಪತ್ರೆಗಾಗಿ ಬೀದಿಗಿಳಿದದ್ದು ಈ ದಾರಿಯ ಸಂಕಟದಿಂದಲೇ. ವೈದ್ಯರ ಹೆದರಿಕೆಯ ಬೆಲೆಯನ್ನು ಕೊನೆಗೆ ತೆರುವವರು ಆಂಬುಲೆನ್ಸಿನಲ್ಲಿ ಮಲಗಿರುವ ನಮ್ಮ ಮಗಳೇ. ಜೈಲು ಮದ್ದಲ್ಲ ಎಂದು ಆಗ ಹೇಳಿದ್ದು ಇದಕ್ಕೆ. ತಪ್ಪಾಯಿತು ಎಂದರೆ ಜೈಲು ಎನ್ನುವ ಕಡೆ ಯಾರೂ ತಪ್ಪಾಯಿತು ಎನ್ನುವುದಿಲ್ಲ. ಕೇಸ್ ಶೀಟನ್ನೇ ಬಚ್ಚಿಡುತ್ತಾರೆ.

ತಪ್ಪು ಯಾವಾಗಲೂ ಚಾಕು ಹಿಡಿದವರದ್ದೇ ಎಂದೂ ತಿಳಿಯಬಾರದು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಐವರು ತಾಯಂದಿರು. ಅನುಮಾನ ಹೋದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಹೊರ ರಾಜ್ಯದ ಆ ಕಂಪನಿಯ ದ್ರಾವಣದ ಕೆಲವು ಬ್ಯಾಚುಗಳ ಬಗ್ಗೆ ಮೊದಲೇ ತಕರಾರಿತ್ತು. ರಾಜ್ಯದ ಪ್ರಯೋಗಾಲಯ ಗುಣಮಟ್ಟವಿಲ್ಲ ಎಂದಿತ್ತು, ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತು. ಸಿಮೆಂಟಿನ ಬಗ್ಗೆ ಎರಡು ವರದಿ ಬೇರೆ ಬೇರೆ ಬಂದರೆ ನಾವು ಆ ಲಾಟನ್ನು ಮುಟ್ಟುತ್ತಿರಲಿಲ್ಲ, ಬದಿಗಿಡುತ್ತಿದ್ದೆವು. ಸೇತುವೆಗೆ ಇರುವ ಈ ಎಚ್ಚರ ಬಾಣಂತಿಯ ನರಕ್ಕೆ ಇರಲಿಲ್ಲ. ಸರ್ಕಾರ ಕುಟುಂಬಗಳಿಗೆ ತಲಾ ಐದು ಲಕ್ಷ ರೂಪಾಯಿ ಘೋಷಿಸಿತು. ಸರಿ, ಕೊಡಲೇಬೇಕು. ಆದರೆ ಸುದ್ದಿಯಾದ ಸಾವಿಗೆ ಪರಿಹಾರ, ಸುದ್ದಿಯಾಗದ ಸಾವಿಗೆ ಹಣೆಬರಹ ಎಂದಾಗಬಾರದು. ಮಂತ್ರಿಗಳ ಮನಸ್ಸು ಕರಗಿದಾಗ ಬರುವುದು ದಾನ, ನಿಯಮದಂತೆ ಬರುವುದು ಹಕ್ಕು.

ತಪ್ಪು ಯಾರದೆಂದು ತಿಳಿಯುವ ಮೊದಲೇ

ಹಾಗಾದರೆ ದಾರಿ ಯಾವುದು? ನ್ಯೂಜಿಲೆಂಡ್ ದೇಶದಲ್ಲಿ 1974ರಿಂದ ಒಂದು ವ್ಯವಸ್ಥೆ ಇದೆ. ಅಪಘಾತದಿಂದಾದ ಗಾಯಕ್ಕೆ, ಚಿಕಿತ್ಸೆಯಿಂದಾದ ಗಾಯಕ್ಕೆ ಕೂಡ, ಸಾರ್ವಜನಿಕ ನಿಧಿಯಿಂದ ಪರಿಹಾರ. ತಪ್ಪು ಯಾರದೆಂದು ರೋಗಿ ಸಾಬೀತು ಮಾಡಬೇಕಿಲ್ಲ. ಅದರ ಬದಲಿಗೆ ಆ ಗಾಯಕ್ಕಾಗಿ ಕೋರ್ಟಿನಲ್ಲಿ ದಾವಾ ಹೂಡುವ ದಾರಿ ಬಹುಪಾಲು ಮುಚ್ಚಿದೆ. ಸ್ವೀಡನ್ನಿನಲ್ಲಿ 1975ರಿಂದ ರೋಗಿಗಳ ವಿಮೆ ಇದೆ. ಅಲ್ಲಿ ವೈದ್ಯರೇ ರೋಗಿಗೆ ಅರ್ಜಿ ತುಂಬಲು ಸಹಾಯ ಮಾಡುವುದುಂಟು. ಹೆದರಿಕೆ ಇಲ್ಲದಿದ್ದಾಗ ಸತ್ಯ ಹೊರಗೆ ಬರುತ್ತದೆ.

ಇದು ದೊಡ್ಡ ದೇಶಗಳ ಮಾತು ಎನ್ನಬೇಡಿ. ನಮ್ಮಲ್ಲೇ ಮೋಟಾರು ವಾಹನ ಕಾಯ್ದೆಯಲ್ಲಿ 1982ರಿಂದ ಈ ತತ್ವ ಇದೆ. ಅಪಘಾತದಲ್ಲಿ ಸತ್ತರೆ ಚಾಲಕನ ತಪ್ಪು ಸಾಬೀತಾಗುವ ಮೊದಲೇ ಇಂತಿಷ್ಟು ಕೊಡಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಸಾವಾದರೆ, ಚಿಕಿತ್ಸೆ ವಿಫಲವಾದರೆ ಕೇಂದ್ರ ಸರ್ಕಾರದ ಯೋಜನೆಯಿಂದ ಪರಿಹಾರವಿದೆ. ಬಸ್ಸಿಗೆ ಇರುವುದು, ಒಂದು ಶಸ್ತ್ರಚಿಕಿತ್ಸೆಗೆ ಇರುವುದು, ಉಳಿದ ಚಿಕಿತ್ಸೆಗಳಿಗೆ ಏಕಿರಬಾರದು? 2003ರಲ್ಲಿ ಯಶಸ್ವಿನಿ ಬಂತು, 2018ರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಂತು. ಆಪರೇಷನ್ನಿನ ಬಿಲ್ಲಿಗೆ ವಿಮೆ ಸಿಕ್ಕಿತು. ಆಪರೇಷನ್ ಕೆಟ್ಟರೆ ಬೀಳುವ ಮನೆಗೆ ವಿಮೆ ಇಲ್ಲ. ಗುತ್ತಿಗೆದಾರರ ಬಿಲ್ಲಿನಲ್ಲಿ ನಾವು ಒಂದಂಶ ಠೇವಣಿ ಹಿಡಿದಿಟ್ಟುಕೊಳ್ಳುತ್ತಿದ್ದೆವು, ಕೆಲಸ ಕೆಟ್ಟರೆ ದುರಸ್ತಿಗೆ. ಹಾಗೆಯೇ ಪ್ರತಿ ಬಿಲ್ಲಿನಿಂದ ಒಂದು ಸಣ್ಣ ಅಂಶ, ಸರ್ಕಾರದಿಂದ ಅಷ್ಟೇ ಅಂಶ ಸೇರಿಸಿ ಒಂದು ನಿಧಿ ಮಾಡಬಹುದು. ಅದರಲ್ಲಿ ಕನಿಷ್ಠ ಮೊತ್ತ ಎಲ್ಲರಿಗೂ ಸಮ ಇರಬೇಕು. ವಿಚಾರಣೆ ಬೇರೆ ನಡೆಯಲಿ, ರೈಲ್ವೆಯಂತೆ ಹೊರಗಿನವರಿಂದ ನಡೆಯಲಿ. ಘೋರ ನಿರ್ಲಕ್ಷ್ಯ ಕಂಡರೆ ಆಗ ಕೋರ್ಟು ಇದ್ದೇ ಇದೆ. ಇದೆಲ್ಲ ಸರ್ಕಾರ ಮಾಡಬೇಕಾದ ಕೆಲಸ. ಕೇಳುತ್ತಲೇ ಇರೋಣ.

ದಾಸೋಹದ ಆಸ್ಪತ್ರೆಯಲ್ಲಿ ಪ್ರಶ್ನೆ ಕೇಳಬಹುದೇ?

ಈಗ ನಮ್ಮ ಮನೆಯ ಮಾತು. ಸರ್ಕಾರದ ಕಡೆ ಬೆರಳು ತೋರಿಸಿ ಕುಳಿತರೆ ನಾವು ಶರಣರ ಹೆಸರು ಹೇಳಲು ಯೋಗ್ಯರಲ್ಲ.

ನಮ್ಮ ಸಮಾಜದ ಮಠಗಳು, ಸಂಘಗಳು ವೈದ್ಯಸೇವೆಗೆ ಮಾಡಿದ್ದು ಬಹಳ. ಬೆಳಗಾವಿಯ ಕೆ.ಎಲ್.ಇ., ಮೈಸೂರಿನ ಜೆ.ಎಸ್.ಎಸ್., ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ, ವಿಜಯಪುರದ ಬಿ.ಎಲ್.ಡಿ.ಇ., ದಾವಣಗೆರೆ, ಚಿತ್ರದುರ್ಗ, ಕಲಬುರಗಿ, ತುಮಕೂರು ಎಂದು ಹೆಸರು ಹೇಳುತ್ತಾ ಹೋದರೆ ಹೊತ್ತು ಸಾಲದು. ನಾಡಿನ ಸಾವಿರಾರು ವೈದ್ಯರು ಆ ಬಾಗಿಲುಗಳಿಂದ ಹೊರಬಂದಿದ್ದಾರೆ. ಇದಕ್ಕೆ ನಾವು ಹೆಮ್ಮೆ ಪಡುತ್ತೇವೆ, ಪಡಬೇಕು. ಹೆಮ್ಮೆ ಇರುವ ಕಡೆ ಹೊಣೆಯೂ ಇರಬೇಕು.

ಆಗ ನೆನಪಿಡಿ ಎಂದ ಮಾತಿಗೆ ಬರುತ್ತೇನೆ. ಪೂರ್ತಿ ಉಚಿತವಾದ ಆಸ್ಪತ್ರೆ ಗ್ರಾಹಕ ಕಾಯ್ದೆಯ ಹೊರಗೆ. ಅಂದರೆ ನಾಳೆ ಒಂದು ಮಠ ದಾಸೋಹ ಭಾವದಿಂದ ಸಂಪೂರ್ಣ ಉಚಿತ ಆಸ್ಪತ್ರೆ ತೆರೆದರೆ, ಅಲ್ಲಿಗೆ ಬರುವ ರೋಗಿ ಆಯೋಗದ ಮುಂದೆ ನಿಂತು ‘ನನಗೆ ಹೀಗಾಯಿತು’ ಎನ್ನುವಂತಿಲ್ಲ. ಕಾನೂನಿನ ಕಣ್ಣಲ್ಲಿ ಅವನು ಹಣ ಕೊಟ್ಟಿಲ್ಲ, ಆದ್ದರಿಂದ ಗ್ರಾಹಕನಲ್ಲ. ಬಸವಣ್ಣನವರ ಕಣ್ಣಲ್ಲಿ ಅವನು ಯಾರು? ದಾಸೋಹದಲ್ಲಿ ನೀಡುವವನು ದೊಡ್ಡವನಲ್ಲ. ಪಡೆಯಲು ಬಂದವನು ಭಿಕ್ಷುಕನಲ್ಲ, ಜಂಗಮ ಸ್ವರೂಪಿ. ನೀಡುವವನು ತಾನೇ ದಾಸ. ಯಜಮಾನನಾಗಿ ಬಂದವನು ದಾಸನನ್ನು ಪ್ರಶ್ನೆ ಕೇಳಬಾರದೇ? ಉಚಿತವಾಗಿ ಕೊಟ್ಟೆವು, ಆದ್ದರಿಂದ ಕೇಳಬೇಡಿ ಎಂದ ಕ್ಷಣವೇ ಅದು ದಾಸೋಹ ಆಗಿ ಉಳಿಯುವುದಿಲ್ಲ, ದಾನವಾಗುತ್ತದೆ. ದಾನಕ್ಕೂ ದಾಸೋಹಕ್ಕೂ ಇರುವ ವ್ಯತ್ಯಾಸವೇ ಲಿಂಗಾಯತ ಧರ್ಮದ ಹೃದಯ. ಕಾಯ್ದೆ ಬಿಟ್ಟ ಜಾಗವನ್ನು ತುಂಬಬೇಕಾದವರು ನಾವೇ.

ಶರಣರಲ್ಲಿ ವೈದ್ಯ ಸಂಗಣ್ಣನವರು ಇದ್ದರು. ವೃತ್ತಿಯಿಂದ ವೈದ್ಯರು, ರೋಗ ಮತ್ತು ಮದ್ದಿನ ಮಾತಿನಲ್ಲೇ ವಚನ ಬರೆದವರು. ಕಾಯಕವಾದ ಮೇಲೆ ವೈದ್ಯವೃತ್ತಿಯೂ ಹಗ್ಗ ಹೊಸೆಯುವುದೂ ಅನುಭವ ಮಂಟಪದಲ್ಲಿ ಒಂದೇ. ಎಲ್ಲರೂ ಎಲ್ಲರ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ವಾಪಸು ಕಳಿಸಿದ ಕಥೆ ನಿಮಗೆಲ್ಲ ಗೊತ್ತು. ನಮ್ಮ ಆಸ್ಪತ್ರೆಗಳ ಬಿಲ್ಲುಗಳನ್ನು ಒಮ್ಮೆ ಲಕ್ಕಮ್ಮನ ಕೈಗೆ ಕೊಟ್ಟು ನೋಡಬೇಕು. ಡೊನೇಷನ್ ಸೀಟಿನ ಮಾತೂ ಇಲ್ಲಿಯದೇ. ನಮ್ಮ ರಾಜ್ಯದಲ್ಲಿ 1984ರಲ್ಲೇ ಡೊನೇಷನ್ ನಿಷೇಧದ ಕಾಯ್ದೆ ಬಂತು. 1992ರಲ್ಲಿ ನಮ್ಮದೇ ರಾಜ್ಯದಿಂದ ಹೋದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಖಂಡಿಸಿತು. ಹಣ ಸುರಿದು ವೈದ್ಯನಾದವನು ಆ ಹಣವನ್ನು ಯಾರ ಹೊಟ್ಟೆಯಿಂದ ತೆಗೆಯುತ್ತಾನೆ? ನಮ್ಮ ಸಂಸ್ಥೆಗಳು ಈ ಪ್ರಶ್ನೆಯಿಂದ ಹೊರಗಿವೆಯೇ ಎಂದು ನಾವು ಎದೆ ಮುಟ್ಟಿಕೊಂಡು ಕೇಳಬೇಕು.

ಪೂಜ್ಯರ ಸನ್ನಿಧಿಯಲ್ಲಿ ವಿನಯದಿಂದ ನಾಲ್ಕು ಬಿನ್ನಹ ಇಡುತ್ತೇನೆ. ಇವಕ್ಕೆ ಯಾವ ಕಾಯ್ದೆಯೂ ಬೇಕಿಲ್ಲ.

ಒಂದು, ನಮ್ಮ ಸಮಾಜದ ಆಸ್ಪತ್ರೆಗಳಲ್ಲಿ ಬಿಡುಗಡೆಯ ದಿನ ರೋಗಿ ಕೇಳದೆಯೇ ಕೇಸ್ ಶೀಟಿನ ಪೂರ್ತಿ ಪ್ರತಿ ಕೈಗೆ ಬರಲಿ. ಏನಾಯಿತೆಂಬ ಒಂದು ಪುಟ ಕನ್ನಡದಲ್ಲಿರಲಿ.

ಎರಡು, ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಓದಿ ಹೇಳಿ ರುಜು ಹಾಕಿಸಲಿ. ಒಪ್ಪಿಗೆ ರೋಗಿಯದೇ ಆಗಿರಬೇಕು, ಮನೆಯವರದಲ್ಲ ಎಂದು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೆಣ್ಣುಮಕ್ಕಳ ಆಪರೇಷನ್ನಿಗೆ ಗಂಡನ ರುಜು ಸಾಕು ಎನ್ನುವ ಚಾಳಿ ಹೋಗಲಿ. ಅಕ್ಕಮಹಾದೇವಿಯ ಧರ್ಮದವರು ನಾವು.

ಮೂರು, ಪ್ರತಿ ಆಸ್ಪತ್ರೆಯಲ್ಲಿ ಒಂದು ವಿಚಾರಣಾ ಸಮಿತಿ ಇರಲಿ. ಅದರಲ್ಲಿ ಬೇರೆ ಸಂಸ್ಥೆಯ ವೈದ್ಯರೊಬ್ಬರು, ನಿವೃತ್ತ ನ್ಯಾಯಾಧೀಶರೊಬ್ಬರು, ಊರಿನ ಹೆಣ್ಣುಮಗಳೊಬ್ಬರು ಇರಲಿ. ಚಿಕಿತ್ಸೆ ಕೆಟ್ಟಾಗ ಮೂವತ್ತು ದಿನದೊಳಗೆ ಮನೆಯವರನ್ನು ಕೂರಿಸಿಕೊಂಡು ಆದದ್ದನ್ನು ಹೇಳಲಿ. ತಪ್ಪಿದ್ದರೆ ತಪ್ಪಾಯಿತು ಎನ್ನಲಿ. ತಪ್ಪಿಲ್ಲದಿದ್ದರೆ ಅದನ್ನೂ ದಾಖಲೆ ಇಟ್ಟು ತೋರಿಸಲಿ.

ನಾಲ್ಕು, ಸಂಸ್ಥೆಗಳೆಲ್ಲ ಸೇರಿ ಒಂದು ಪರಿಹಾರ ನಿಧಿ ಮಾಡಲಿ. ತಪ್ಪು ಯಾರದೆಂದು ತೀರ್ಮಾನವಾಗುವ ಮೊದಲೇ ಬಿದ್ದ ಮನೆಗೆ ಒಂದು ಊರುಗೋಲು ಸಿಗಲಿ. ಎಲ್ಲ ಜಾತಿಗೂ, ಎಲ್ಲ ಆದಾಯದವರಿಗೂ ಅದು ಒಂದೇ ಮೊತ್ತವಾಗಿರಲಿ.

ಇನ್ನು ನಾವು ಮಾಡಬೇಕಾದದ್ದು. ಹಲ್ಲೆ ಮಾಡುವ ಗುಂಪಿನಲ್ಲಿ ನಮ್ಮ ಹುಡುಗರು ನಿಲ್ಲಬಾರದು. ಬಿಲ್ಲಿನ ಜತೆ ಕೇಸ್ ಶೀಟನ್ನೂ ಬರವಣಿಗೆಯಲ್ಲಿ ಕೇಳಬೇಕು. ಓದುಬರಹ ಬಲ್ಲವರು ಊರಿಗೊಬ್ಬರಾದರೂ ಆಸ್ಪತ್ರೆಗೆ ಹೋಗುವವರ ಜತೆ ಹೋಗಬೇಕು. ನನಗೆ ಈಗ ಬಿಡುವಿದೆ. ಹಿರೇಕೊಡಿಗೆ, ಕೊಪ್ಪದ ಕಡೆಯ ಯಾರಿಗೇ ಆಗಲಿ ಅರ್ಜಿ ಬರೆದುಕೊಡುತ್ತೇನೆ. ಎಂ.ಬಿ. ಪುಸ್ತಕ ಬರೆದ ಕೈ, ಅಷ್ಟು ಬರೆಯಬಲ್ಲದು.

ಶರಣರು ಹಣೆಬರಹವನ್ನು ಒಪ್ಪಲಿಲ್ಲ. ಹುಟ್ಟಿನಿಂದ ಹೊಲೆಯ, ಹುಟ್ಟಿನಿಂದ ಕೀಳು ಎಂಬ ಬರಹವನ್ನೇ ಒರೆಸಿ ಹಾಕಿದವರು ಅವರು. ಹಾಗಿರುವಾಗ ಹದಗೆಟ್ಟ ದ್ರಾವಣಕ್ಕೆ, ಬಚ್ಚಿಟ್ಟ ಟಿಪ್ಪಣಿಗೆ, ಸಿಗದ ವೈದ್ಯರಿಗೆ ಹಣೆಬರಹ ಎಂದು ಹೆಸರಿಡುವುದು ಶರಣರಿಗೆ ಮಾಡುವ ಅಪಚಾರ.

ನಮ್ಮ ಭಾವ ಈಗಿಲ್ಲ. ‘ಅವಳಿಗೆ ರೇಟು ಹಾಕೋದು ಬೇಡ’ ಎಂದ ಅವರ ಮಾತು ಸರಿಯಾಗಿತ್ತು. ಅಕ್ಕನಿಗೆ ರೇಟು ಇರಲಿಲ್ಲ. ಅದಕ್ಕೇ ನಾವು ಕೇಳಬೇಕಿತ್ತು. ದುಡ್ಡಿಗಾಗಿ ಅಲ್ಲ ಎಂದಾದರೂ, ಏನಾಯಿತು ಎಂದು ಕೇಳಬೇಕಿತ್ತು. ನಾನು ಕೇಳಲಿಲ್ಲ. ನೀವು ಕೇಳಿ.